ಮಳೆಗಾಲ ದಾಟಿದ ದಮಾಸ್ಕಸ್ ಚಾಕು: ಕಮೇಲಿಯಾ ಎಣ್ಣೆಯ ಬಗ್ಗೆ

ಶಿರಸಿಯ ಮಳೆಗೆ ನಮ್ಮ ಮನೆಯ ಮೆಟ್ಟುಗತ್ತಿಯೇ ವಾರಕ್ಕೊಮ್ಮೆ ಕೆಂಪಾಗುತ್ತದೆ. ತಮ್ಮ ತಂದುಕೊಟ್ಟ ದಮಾಸ್ಕಸ್ ಚಾಕುವನ್ನು ಹಾಗಾಗಬಾರದೆಂದು ಕಳೆದ ವರ್ಷ ಅದರ ಜೊತೆ ಬಂದ ಚರ್ಮದ ಒರೆಯಲ್ಲಿ ಜೋಪಾನವಾಗಿ ಇಟ್ಟಿದ್ದೆ. ಚೌತಿಯ ಅಡುಗೆಗೆ ಹೊರತೆಗೆದರೆ ಅಲೆಅಲೆಯಾದ ಗೆರೆಗಳ ನಡುವೆ ಕಂದು ಚುಕ್ಕೆಗಳು! ಚರ್ಮ ತೇವ ಹೀರಿಕೊಂಡು ಎರಡು ತಿಂಗಳು ಅಲಗಿಗೇ ಅಂಟಿಕೊಂಡಿತ್ತು. ಕಣ್ಣಲ್ಲಿ ನೀರು ಬಂತು.

ಅತ್ತೆಯವರು ಹುಣಸೆಹಣ್ಣು, ಬೂದಿ ತಂದರು. "ತಂಬಿಗೆ ಬೆಳಗಿದ ಹಾಗೆ ಬೆಳಗಿದರಾಯಿತು, ತಂಗೀ" ಎಂದರು. ನಾನು ಬಿಡಲಿಲ್ಲ. ಈ ಅಲಗಿನಲ್ಲಿ 1095 ಮತ್ತು 15ಎನ್20 ಎಂಬ ಎರಡು ಬಗೆಯ ಉಕ್ಕಿನ ಪದರಗಳನ್ನು ಕಾಸಿ ಬಡಿದು ಬೆಸೆದಿದ್ದಾರೆ. ಫೆರಿಕ್ ಕ್ಲೋರೈಡ್ ಎಂಬ ಲೋಹ ಕೊರೆಯುವ ರಾಸಾಯನಿಕದ ದ್ರಾವಣದಲ್ಲಿ ಅದ್ದಿದಾಗ, ಶೇ 2ರಷ್ಟು ನಿಕಲ್ ಇರುವ 15ಎನ್20 ಬೆಳ್ಳಗೆ ಉಳಿದು ಇನ್ನೊಂದು ಕಪ್ಪಾಗುತ್ತದೆ. ಆ ಕಪ್ಪು ಇರುವುದು ಮೇಲ್ಮೈಯಲ್ಲಿ ಮಾತ್ರ. ಬೂದಿ ಹಾಕಿ ತಿಕ್ಕಿದರೆ ಚಿತ್ತಾರವೇ ಮಾಸುತ್ತದೆ. ಎಣ್ಣೆ ಹಚ್ಚಿದ ಹತ್ತಿಬಟ್ಟೆಯಿಂದ ಮೆಲ್ಲಗೆ ಉಜ್ಜಿ ಉಜ್ಜಿ ಚುಕ್ಕೆಗಳನ್ನು ತೆಗೆದೆ.

ಆಮೇಲೆ ಯಾವ ಎಣ್ಣೆ ಎಂಬ ಹುಡುಕಾಟ. ಸೂರ್ಯಕಾಂತಿ ಎಣ್ಣೆ ಕೆಲವೇ ವಾರಗಳಲ್ಲಿ ಅಂಟಾಗಿ ಧೂಳು ಹಿಡಿಯಿತು. ಹಲಸು ಹೆಚ್ಚುವಾಗ ಕೈಗೂ ಕತ್ತಿಗೂ ಸವರುವ ಕೊಬ್ಬರಿ ಎಣ್ಣೆ ನನಗೆ ಪ್ರಿಯ, ಆದರೆ ಡಿಸೆಂಬರಿನ ಚಳಿಗೆ ಅಲಗಿನ ಮೇಲೆ ಬಿಳಿ ಹರಳಾಗಿ ಕೂತಿತು. ಕೊನೆಗೆ ತರಿಸಿದ್ದು ಜಪಾನಿನ ಕಮೇಲಿಯಾ ಎಣ್ಣೆ, 100 ಮಿಲಿಲೀಟರಿನ ಬಾಟಲಿ. ಚಹಾ ಗಿಡದ ಬಳಗಕ್ಕೇ ಸೇರಿದ ಗಿಡದ ಬೀಜದ ಎಣ್ಣೆಯಿದು. ಅಲ್ಲಿ ಬಡಗಿಗಳು ಉಳಿಗಳಿಗೆ, ಬಾಣಸಿಗರು ಚಾಕುಗಳಿಗೆ ಹಚ್ಚುತ್ತಾರೆ. ಒಲೆಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಬಹಳ ಇರುವುದರಿಂದ ಬೇಗ ಅಂಟಾಗುವುದಿಲ್ಲ, ವಾಸನೆಯೂ ಇಲ್ಲವೆನ್ನುವಷ್ಟು ಕಡಿಮೆ. ಕೊಳ್ಳುವಾಗ ಚೀಟಿ ಓದಿ: ಸಲಕರಣೆಗಳಿಗೆಂದು ಇದೇ ಹೆಸರಿನಲ್ಲಿ ಮಾರುವ ಕೆಲವು ಬಾಟಲಿಗಳಲ್ಲಿ ಇರುವುದು ಖನಿಜ ತೈಲ.

ಮಾವಿನಕಾಯಿ, ನಿಂಬೆ ಹೆಚ್ಚಿದ ಕೂಡಲೇ ಚಾಕು ತೊಳೆಯುತ್ತೇನೆ, ಒರೆಸುತ್ತೇನೆ, ಒಲೆಯ ಪಕ್ಕದ ಬಿಸುಪಿನಲ್ಲಿ ಐದು ನಿಮಿಷ ಇಡುತ್ತೇನೆ. ನಂತರ ಬಟ್ಟೆಗೆ ಎರಡೇ ಹನಿ ಹಾಕಿ, ಬೆನ್ನಿನಿಂದ ಬಾಯಿಯ ಕಡೆಗೆ ಸವರುತ್ತೇನೆ. ಹೆಚ್ಚಾದರೆ ಪ್ರಯೋಜನವಿಲ್ಲ, ತೆಳುವಾದ ಪೊರೆ ಸಾಕು. ಈಗ ಚಾಕು ಒರೆಯಲ್ಲಿಲ್ಲ, ಗಾಳಿಯಾಡುವ ಮರದ ಹಲಗೆಯ ಮೇಲಿದೆ.

ತಕರಾರು ಎರಡು. ಬಾಟಲಿಯ ಬಾಯಿ ದೊಡ್ಡದು, ಹನಿ ಬೇಕೆಂದರೆ ಚಮಚದಷ್ಟು ಸುರಿಯುತ್ತದೆ. ನಾನು ಹಳೆಯ ಕಣ್ಣಿನ ಔಷಧಿಯ ಬಾಟಲಿಯನ್ನು ಕುದಿಸಿ ಒಣಗಿಸಿ ಅದಕ್ಕೆ ತುಂಬಿಕೊಂಡೆ. ಬೆಲೆಯೂ ಜಾಸ್ತಿ. ಅಷ್ಟು ಕೊಡಲು ಮನಸ್ಸಿಲ್ಲದವರು ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಎಂಬ ಶುದ್ಧ ಖನಿಜ ತೈಲ ತೆಗೆದುಕೊಳ್ಳಲಿ. ಮೆಟ್ಟುಗತ್ತಿಗೆ ನಾನು ಅದನ್ನೇ ಹಚ್ಚುತ್ತೇನೆ, ತುಕ್ಕು ತಡೆಯುವುದರಲ್ಲಿ ಕಮ್ಮಿಯೇನಿಲ್ಲ. ಆದರೆ ಕಮೇಲಿಯಾ ಸವರಿದಾಗ ಕಪ್ಪು ಗೆರೆಗಳು ಒದ್ದೆ ಕಲ್ಲಿನಂತೆ ಗಾಢವಾಗುವುದನ್ನು ನೋಡಿದ ಮೇಲೆ ಈ ಚಾಕುವಿಗೆ ಬೇರೆಯದನ್ನು ಹಚ್ಚಲು ನನಗೆ ಮನಸ್ಸು ಬರುವುದಿಲ್ಲ.

ಈ ವರ್ಷದ ಚೌತಿಯೂ ಮುಗಿಯಿತು. ಹಿಡಿಯ ಬುಡದಲ್ಲಿ ಹೋದ ವರ್ಷದ ಚುಕ್ಕೆಯೊಂದು ಉಳಿದಿದೆ, ಹೊಸದು ಒಂದೂ ಬಂದಿಲ್ಲ.