ಕೈಪಿಡಿಯ ಭಾಷೆ ತಿದ್ದಿಸಿದ ಅನುಭವ: ಸರಸ್ವತೀಪುರಂನ ಒಂದು ಡಿ.ಟಿ.ಪಿ. ಕೇಂದ್ರ

ಮಂಡ್ಯದ ನಮ್ಮ ಕಬ್ಬು ಬೆಳೆಗಾರರ ಗುಂಪು ಕೂಳೆ ಬೆಳೆಯ (ಕಟಾವಾದ ಕಬ್ಬಿನ ಬುಡದಿಂದ ಮತ್ತೆ ಚಿಗುರುವ ಬೆಳೆಯ) ನಿರ್ವಹಣೆ ಕುರಿತು ಸಿದ್ಧಪಡಿಸಿದ ಕೈಪಿಡಿಯ ಕರಡನ್ನು, ಮೈಸೂರಿನ ಸರಸ್ವತೀಪುರಂನಲ್ಲಿ ಹೆಚ್ಚಾಗಿ ಸಂಶೋಧನಾ ವಿದ್ಯಾರ್ಥಿಗಳ ಮಹಾಪ್ರಬಂಧಗಳನ್ನು ತಿದ್ದಿಕೊಡುವ ಡಿ.ಟಿ.ಪಿ. ಕೇಂದ್ರವೊಂದಕ್ಕೆ ಕೊಟ್ಟಿದ್ದೆವು. ಅಕ್ಷರ ಜೋಡಣೆ, ಕಾಗುಣಿತ, ಬೈಂಡಿಂಗ್ ಇವುಗಳಲ್ಲಿ ದೂರುವಂಥದ್ದೇನೂ ಇಲ್ಲ. ಪುಟಕ್ಕೆ 40 ರೂಪಾಯಿ ಎಂಬ ದರವೂ ಹೊರೆಯೆನಿಸಲಿಲ್ಲ. ಹೇಳಬೇಕಾದದ್ದು ಅವರ ದರಪಟ್ಟಿಯಲ್ಲಿ ‘ವಾಕ್ಯಗಳ ಹೊಂದಾಣಿಕೆ’ ಎಂದಿರುವ ಸೇವೆಯ ಬಗ್ಗೆ, ಅಂದರೆ ಒಂದು ವಾಕ್ಯಕ್ಕೂ ಮುಂದಿನದಕ್ಕೂ ಓದುಗರ ಮನಸ್ಸಿನಲ್ಲಿ ಸಂಬಂಧ ಏರ್ಪಡುವಂತೆ ನೋಡಿಕೊಳ್ಳುವ ಕೆಲಸದ ಬಗ್ಗೆ.

ಅವರ ಕೈ ಪಳಗಿರುವುದು ಸರ್ವನಾಮಗಳಲ್ಲಿ. “ತರಗನ್ನು ಸುಡದೆ ಸಾಲುಗಳ ನಡುವೆ ಹರಡಿ, ಮೇಲೆ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಕೊಡಬೇಕು. ಅದು ಕೊಳೆಯಲು ಕಾಲ ಬೇಕು” ಎಂಬಲ್ಲಿ ‘ಅದು’ ಪದಕ್ಕೆ ಕೆಂಪು ಶಾಯಿಯ ಸುತ್ತು ಹಾಕಿ, “ತರಗೋ, ಗೊಬ್ಬರವೋ?” ಎಂದು ಅಂಚಿನಲ್ಲಿ ಕೇಳಿದ್ದರು. ಇದು ಕ್ಷುಲ್ಲಕ ಪ್ರಶ್ನೆಯಲ್ಲ. ಓದುಗರು ಪ್ರತಿ ವಾಕ್ಯದಲ್ಲೂ ತಮಗೆ ಗೊತ್ತಿರುವ ಅಂಶವನ್ನು ಹಿಂದಿನ ಮಾತಿಗೆ ಕಟ್ಟಲು ನೋಡುತ್ತಾರೆ. ಕಟ್ಟಲು ಗೂಟ ಸಿಗದಿದ್ದರೆ ಊಹಿಸಿ ಸೇರಿಸಿಕೊಳ್ಳುತ್ತಾರೆ, ಅದಕ್ಕೆ ಹೊತ್ತು ಹಿಡಿಯುತ್ತದೆ. 1974ರಲ್ಲಿ ಹ್ಯಾವಿಲೆಂಡ್ ಮತ್ತು ಕ್ಲಾರ್ಕ್ ಎಂಬ ಮನೋವಿಜ್ಞಾನಿಗಳು ಈ ಹೊತ್ತನ್ನೇ ಅಳೆದರು. ‘ಬಿಯರ್ ಬೆಚ್ಚಗಿತ್ತು’ ಎಂಬ ವಾಕ್ಯ, ಕಾರಿನಿಂದ ಬಿಯರ್ ತೆಗೆದರೆಂಬ ಮಾತಿನ ನಂತರ ಬಂದಾಗಿನದಕ್ಕಿಂತ, ವನಭೋಜನದ ಸಾಮಾನು ನೋಡಿದರೆಂಬ ಮಾತಿನ ನಂತರ ಬಂದಾಗ ಅರ್ಥವಾಗಲು ತಡವಾಯಿತು.

ಆದರೆ ಅದೇ ಉತ್ಸಾಹದಲ್ಲಿ ಅವರು ಸಂಬಂಧಸೂಚಕ ಪದಗಳನ್ನು ಎಲ್ಲೆಂದರಲ್ಲಿ ತುರುಕಿದ್ದಾರೆ. “ನಾಲೆಗೆ ನೀರು ಬಿಡಲಿಲ್ಲ. ಕೂಳೆ ಒಣಗಿತು” ಎಂಬುದರ ನಡುವೆ ‘ಆದಕಾರಣ’ ಬಂದಿದೆ. “ಮಳೆ ಬಂದು ಕೆರೆ ತುಂಬಿತು” ಎಂಬುದನ್ನು ಒಡೆದು ಎರಡು ವಾಕ್ಯ ಮಾಡಿ, ಅಲ್ಲೂ ಒಂದು ‘ಆದ್ದರಿಂದ’ ಸೇರಿಸಿದ್ದಾರೆ. ‘ಬಂದು’ ಎಂಬ ರೂಪ ಹೇಳುವುದು ಹಿಂದುಮುಂದಿನ ಕ್ರಮವನ್ನಷ್ಟೇ; ಕಾರಣವೆಂಬುದನ್ನು ಕೆರೆ ಕಂಡ ಯಾರಾದರೂ ತಾವೇ ತುಂಬಿಕೊಳ್ಳುತ್ತಾರೆ. ‘ಬಿತ್ತಿದರು’, ‘ಹಾಯಿಸಿದರು’ ಎಂಬ ಕ್ರಿಯಾಪದಗಳ ಕೊನೆಯಲ್ಲೇ ಕರ್ತೃ ಅಡಗಿದ್ದರೂ ಪ್ರತಿ ವಾಕ್ಯದ ಮೊದಲಿಗೆ ‘ರೈತರು’ ಎಂದು ಮತ್ತೆ ಬರೆದದ್ದರಿಂದ, ಒಂದೇ ಪುಟದಲ್ಲಿ ಬೇರೆ ಬೇರೆ ರೈತರು ಬಂದುಹೋದಂತೆ ಕಾಣುತ್ತದೆ. (ಮಹಾಪ್ರಬಂಧಗಳ ಸಹವಾಸ ಎಂದು ನಮ್ಮ ಅನುಮಾನ.)

ಬೇಸರದ ಸಂಗತಿಯೆಂದರೆ, ನಿಜವಾಗಿ ಬೇಕಿದ್ದ ಕಡೆ ಏನೂ ಸೇರಿಸಿಲ್ಲ. “ಕಟಾವಾದ ಕಬ್ಬನ್ನು ಬೇಗ ಕಾರ್ಖಾನೆಗೆ ಸಾಗಿಸಬೇಕು. ಸಕ್ಕರೆ ಅಂಶ ಇಳಿಯುತ್ತದೆ” ಎಂಬುದನ್ನು ಹಾಗೆಯೇ ಬಿಟ್ಟಿದ್ದಾರೆ. ವರ್ಷಗಟ್ಟಲೆ ಕಬ್ಬು ಕಡಿಸಿದವರಿಗೆ ಇದು ಸಾಕು. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ ಹುಡುಗರಿಗೆ ‘ತಡವಾದರೆ’ ಎಂಬ ಒಂದು ಪದ ಇಲ್ಲದೆ ಅರ್ಥ ತಲೆಕೆಳಗಾಗುತ್ತದೆ. ಮೆಕ್‌ನಮಾರಾ, ಕಿಂಟ್ಷ್ ಎಂಬ ಸಂಶೋಧಕರು ಮತ್ತು ಸಂಗಡಿಗರು 1996ರಲ್ಲಿ ಹೃದ್ರೋಗದ ಕುರಿತ ಪಠ್ಯವನ್ನು ಶಾಲಾ ವಿದ್ಯಾರ್ಥಿಗಳಿಗೆ ಓದಿಸಿ ಕಂಡದ್ದೂ ಇಂಥದೇ: ವಿಷಯ ಅಷ್ಟಾಗಿ ಗೊತ್ತಿಲ್ಲದವರಿಗೆ ಸಂಬಂಧಗಳನ್ನು ಬಿಡಿಸಿ ಬರೆದ ಪಠ್ಯ ನೆರವಾಯಿತು, ಚೆನ್ನಾಗಿ ಗೊತ್ತಿದ್ದವರು, ಆಳವಾದ ಗ್ರಹಿಕೆಯ ಮಟ್ಟಿಗೆ, ಅಲ್ಲಲ್ಲಿ ಸಂಬಂಧ ಹೇಳದೆ ತೆರಪು ಬಿಟ್ಟ ಪಠ್ಯದಿಂದಲೇ ಹೆಚ್ಚು ಪಡೆದರು, ಏಕೆಂದರೆ ಆ ತೆರಪು ತುಂಬಲು ಅವರ ಮನಸ್ಸು ದುಡಿಯಬೇಕಾಯಿತು. ಹೀಗಿರುವಾಗ ‘ಇದನ್ನು ಓದುವವರು ಯಾರು?’ ಎಂದು ಕೇಳದೆ ಹೊಂದಾಣಿಕೆ ತಿದ್ದಲು ಹೊರಡುವುದೇ ಈ ಸೇವೆಯ ದೊಡ್ಡ ಕೊರತೆ.

ಆಕ್ಷೇಪ ಹೇಳಿದಾಗ ಅವರು ಮುಖ ಸಿಂಡರಿಸಲಿಲ್ಲ ಎಂಬುದನ್ನೂ ಹೇಳಬೇಕು. ಹೊಸಬರಿಗೆಂದು ಬರೆದ ಅಧ್ಯಾಯಗಳಲ್ಲಿ ಮಾತ್ರ ಸಂಬಂಧಗಳನ್ನು ಬಿಡಿಸಿ, ಉಳಿದುದನ್ನು ಮೊದಲಿನಂತೆ ಮಾಡಿಕೊಟ್ಟರು; ಹೆಚ್ಚುವರಿ ಹಣ ಕೇಳಲಿಲ್ಲ. ಅಲ್ಲಿಗೆ ಕರಡು ಕೊಡುವವರು ಓದುಗರು ಯಾರೆಂದು ಮೊದಲ ಪುಟದಲ್ಲೇ ಬರೆದು, ಸಾಲುಗಳ ನಡುವೆ ಅಂತರ ಬಿಟ್ಟು ಮುದ್ರಿಸಿದ ಪ್ರತಿಯನ್ನೇ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಫೈಲ್ ಕಳಿಸಿದರೆ ತಿದ್ದಿದ ಪ್ರತಿಯಷ್ಟೇ ಬರುತ್ತದೆ, ಅಂಚಿನ ಪ್ರಶ್ನೆಗಳು ಬರುವುದಿಲ್ಲ.