ಹಳೆ ಆಂಪ್ಲಿಫೈಯರಿಗೆ ಫಿಯೋ ಡಿ03ಕೆ
ಹಳೆ ಸ್ಟೀರಿಯೋ ಚೆನ್ನಾಗಿದೆ, ಹೊಸ ಟಿವಿಯಲ್ಲಿ ಆಪ್ಟಿಕಲ್ ಔಟ್ (ಸದ್ದನ್ನ ಬೆಳಕಿನ ರೂಪದಲ್ಲಿ ಕಳಿಸೋ ಕಿಂಡಿ) ಇದೆ ಅನ್ನುವವರಿಗೆ ಈ ಪುಟ್ಟ ಡ್ಯಾಕ್ (ಡಿಜಿಟಲ್ ಸಿಗ್ನಲ್ಲನ್ನ ಹಳೆ ಆಂಪ್ಲಿಫೈಯರಿಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡೋ ಪೆಟ್ಟಿಗೆ) ಧಾರಾಳ ಸಾಕು. ಉಳಿದ ದುಡ್ಡನ್ನ ಸ್ಪೀಕರಿಗೆ ಹಾಕಿ. 24 ಬಿಟ್, 192 ಕಿಲೋಹರ್ಟ್ಸ್‌ವರೆಗಿನ ಡಿಜಿಟಲ್ ಸದ್ದು ತಗೊಳ್ಳುತ್ತೆ (ಸದ್ದನ್ನ ಎಷ್ಟು ಸೂಕ್ಷ್ಮವಾಗಿ ಅಳೆದಿದೆ ಅನ್ನೋ ಲೆಕ್ಕ ಇದು). ಸಿಡಿಗೆ ಬೇಕಾದದ್ದು 16 ಬಿಟ್, 44.1 ಕಿಲೋಹರ್ಟ್ಸ್ ಅಷ್ಟೇ.

ನಮ್ಮನೇಲಿ ಮೊದಲು ಟಿವಿಯ ಹೆಡ್‌ಫೋನ್ ಜ್ಯಾಕ್‌ನಿಂದಲೇ ವೈರ್ ಎಳೆದಿದ್ವಿ. ಗುಂಯ್ ಅನ್ನೋ ಸದ್ದು ತಂಬೂರಿ ಜೊತೆ ಬೆರೆತು ಕಿರಿಕಿರಿಯಾಗ್ತಿತ್ತು. ಆಪ್ಟಿಕಲ್ ಕೇಬಲ್‌ನಲ್ಲಿ ಹೋಗೋದು ಬೆಳಕು, ಕರೆಂಟಲ್ಲ. ಆ ಗುಂಯ್ ಪೂರ್ತಿ ನಿಂತುಹೋಯ್ತು. ಈಗ ಮಲ್ಲಿಕಾರ್ಜುನ ಮನ್ಸೂರರು ತಾನಿನ ನಡುವೆ ಉಸಿರು ಎಳೆಯೋದೂ ಕೇಳುತ್ತೆ!

ಯುಎಸ್‌ಬಿ ಕಿಂಡಿ ಇದೆ, ಆದರೆ ಕರೆಂಟಿಗೆ ಮಾತ್ರ. ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿಯಲ್ಲಿ ಹಾಡು ಕೇಳೋರು ಬೇರೆ ನೋಡಿ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ‘ಪಿಸಿಎಂ’ (ಕಂಪ್ರೆಸ್ ಮಾಡದ ಡಿಜಿಟಲ್ ಸದ್ದು) ಆರಿಸೋದು ಮರೀಬೇಡಿ, ಡಾಲ್ಬಿ ರೂಪದಲ್ಲಿ ಕಂಪ್ರೆಸ್ ಆಗಿ ಬರೋ ಸದ್ದು ಇದಕ್ಕೆ ಅರ್ಥವಾಗಲ್ಲ.