ಫಾರ್ಮ್ಯಾಟ್ ಮಾಡದೆ ರಿಪೇರಿ ಮಾಡುವ ಅಂಗಡಿ: ಲ್ಯಾಮಿಂಗ್ಟನ್ ರಸ್ತೆಯ ಒಂದು ಮೊದಲ ಮಹಡಿ

ಈ ವಿಮರ್ಶೆಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯ ಹೆಸರು ಇರುವುದಿಲ್ಲ. "ಹೆಸರು ಮಾತ್ರ ಹಾಕಬೇಡಿ ಅಕ್ಕ, ಈಗ ಇರುವ ಕೆಲಸಕ್ಕೇ ಕೈ ಸಾಲುತ್ತಿಲ್ಲ" ಎಂದು ಯಜಮಾನರೇ ಹೇಳಿದ್ದಾರೆ. ಹುಡುಕಿಯೇ ತೀರುತ್ತೇನೆ ಎನ್ನುವವರಿಗೆ ಗುರುತು ಹೇಳಬಲ್ಲೆ. ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ಬನ್ನಿ. ಫಲಕದಲ್ಲಿ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದಿರುತ್ತದೆ, ಟ್ಯಾಕ್ಸಿಯವರಿಗೆ ಹಳೆಯ ಹೆಸರನ್ನೇ ಹೇಳಬೇಕು. ಕೆಳಗೆ ಸಿಸಿಟಿವಿ ಕ್ಯಾಮೆರಾ ಮಾರುವ ಅಂಗಡಿ, ಪಕ್ಕದಲ್ಲಿ ಕಡಿದಾದ ಮರದ ಮೆಟ್ಟಿಲು, ಮೇಲೆ ಹೋದರೆ ಬಾಗಿಲಿನ ಮೇಲೆ ಕನ್ನಡ ಕ್ಯಾಲೆಂಡರ್. ಅದೇ ಅಂಗಡಿ.

ನಾನು ಡೊಂಬಿವಲಿಯವಳು. ಮಾಟುಂಗಾ, ಸಯನ್ ಕಡೆಯ ಕೆಲವು ಉಡುಪಿ ಹೋಟೆಲುಗಳ ಲೆಕ್ಕ ಬರೆದುಕೊಡುತ್ತೇನೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ಜಿಎಸ್‌ಟಿ ವಿವರಪಟ್ಟಿಗಳನ್ನು ಸಲ್ಲಿಸಬೇಕು. ಈ ಎರಡು ತಾರೀಕುಗಳ ಮಧ್ಯೆ ನನ್ನ ಲ್ಯಾಪ್‌ಟಾಪಿಗೆ ಶೀತ, ಜ್ವರ ಬರಕೂಡದು. ಅದರೊಳಗೆ ಲೆಕ್ಕ ಬರೆಯುವ ಟ್ಯಾಲಿ ಇದೆ, ಮಾಲೀಕರ ಡಿಜಿಟಲ್ ಸಹಿಯ ಟೋಕನ್ನಿಗೆ ಬೇಕಾದ ತಂತ್ರಾಂಶವಿದೆ, ನಮ್ಮ ಸಂಘದ ಹಳೆಯ ಸ್ಮರಣ ಸಂಚಿಕೆಗಳ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಕಡತಗಳಿವೆ. ಆ ಕಡತಗಳು ಯೂನಿಕೋಡ್‌ಗಿಂತ ಮುಂಚಿನವು, ಸರಿಯಾದ ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣಿಸುತ್ತದೆ. ಆದ್ದರಿಂದ "ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕೋಣ" ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

2024ರ ಜನವರಿಯಲ್ಲಿ ಆ ಮಾತನ್ನೇ ಕೇಳಬೇಕಾಯಿತು. ವಿಂಡೋಸ್ 10ರ ಅಪ್‌ಡೇಟ್ ಪುಟದಲ್ಲಿ ಕೆಬಿ5034441 ಎಂಬ ಭದ್ರತಾ ಅಪ್‌ಡೇಟ್ ಇಳಿಯುವುದು, ಸ್ಥಾಪನೆ ಶುರುವಾಗುವುದು, ಕೊನೆಗೆ 0ಎಕ್ಸ್80070643 ಎಂಬ ಸಂಖ್ಯೆ ತೋರಿಸಿ ವಿಫಲವಾಗುವುದು. ಮತ್ತೆ ಪ್ರಯತ್ನಿಸಿ ಎಂಬ ಗುಂಡಿ ಒತ್ತಿದರೆ ಮತ್ತೆ ಅದೇ ಕಥೆ. ಲ್ಯಾಪ್‌ಟಾಪ್ ಉಳಿದಂತೆ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಭದ್ರತೆ ಎಂಬ ಶಬ್ದದ ಪಕ್ಕದಲ್ಲಿ ವಿಫಲ ಎಂದಿದ್ದರೆ, ನಾಲ್ಕಾರು ಹೋಟೆಲುಗಳ ಪ್ಯಾನ್ ಸಂಖ್ಯೆ, ಬ್ಯಾಂಕ್ ವಿವರ ಇಟ್ಟುಕೊಂಡವಳಿಗೆ ನಿದ್ದೆ ಬರುವುದಿಲ್ಲ.

ಮನೆ ಹತ್ತಿರದ ಹವಾನಿಯಂತ್ರಿತ ಅಂಗಡಿಯೊಂದಕ್ಕೆ ಮೊದಲು ಕೊಟ್ಟೆ. ಅವರೂ ಏನೂ ಮಾಡಲಿಲ್ಲವೆಂದಲ್ಲ. ಅಪ್‌ಡೇಟ್ ಸೇವೆಯನ್ನು ನಿಲ್ಲಿಸಿ, ಇಳಿದ ಕಡತಗಳ ಫೋಲ್ಡರನ್ನು ಖಾಲಿ ಮಾಡಿ, ಸಿಸ್ಟಂ ಕಡತಗಳ ತಪಾಸಣೆ ನಡೆಸಿದರು. ಯಾವ ಅಪ್‌ಡೇಟ್ ಕೆಟ್ಟರೂ ಎಲ್ಲರೂ ಮಾಡುವ ಉಪಚಾರ ಅದು. ಗುಣವಾಗಲಿಲ್ಲ. ಮರುದಿನ ಕರೆ ಬಂತು: ವಿಂಡೋಸ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಬೇಕು, ಮಾಡುವಾಗಲೇ ಹೊಸ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿಕೊಂಡರೆ ಒಳ್ಳೆಯದು, ಎಲ್ಲ ಸೇರಿ ಆರೂವರೆ ಸಾವಿರ. ಏನು ಕೆಟ್ಟಿದೆ ಎಂದು ಕೇಳಿದರೆ ಉತ್ತರವಿಲ್ಲ. ಲ್ಯಾಪ್‌ಟಾಪನ್ನು ವಾಪಸು ತಂದೆ.

ಲ್ಯಾಮಿಂಗ್ಟನ್ ರಸ್ತೆಯ ಈ ಅಂಗಡಿಯ ವಿಳಾಸ ಕೊಟ್ಟವರು ನನ್ನ ಗಿರಾಕಿಯಾದ ಒಬ್ಬ ಹೋಟೆಲ್ ಮಾಲೀಕರು. ಯಜಮಾನರು ಕುಂದಾಪುರದ ಕಡೆಯವರು. ಹುಡುಗನಾಗಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರಿಗೆ ಸೇರಿದವರು. ಈ ಊರಿನಲ್ಲಿ ಆ ರಾತ್ರಿ ಶಾಲೆಗಳು ಎಷ್ಟು ಜನರನ್ನು ಮೇಲೆತ್ತಿವೆ ಎಂಬುದನ್ನು ಬರೆಯಲು ಕುಳಿತರೆ ಲ್ಯಾಪ್‌ಟಾಪ್ ಮರೆತೇ ಹೋದೀತು. ಇರಲಿ.

ಅವರು ಮೊದಲು ಮಾಡಿದ ಕೆಲಸ ಆ ಸಂಖ್ಯೆಯನ್ನು ಓದಿದ್ದು. "ಕೊನೆಯ 643 ಹದಿನಾರರ ಎಣಿಕೆಯದು, ನಮ್ಮ ಹತ್ತರ ಲೆಕ್ಕದಲ್ಲಿ 1603. ಸ್ಥಾಪನೆಯಲ್ಲಿ ದೊಡ್ಡ ತಪ್ಪಾಗಿದೆ ಎಂದಷ್ಟೇ ಅರ್ಥ. ಏನು ತಪ್ಪು ಎಂದು ಇದು ಹೇಳುವುದೇ ಇಲ್ಲ ಮಾರಾಯರೇ." ಅಪ್‌ಡೇಟ್ ಇತಿಹಾಸದ ಪುಟ ತೆಗೆದು, ಆ ತಿಂಗಳ ಮುಖ್ಯ ಅಪ್‌ಡೇಟ್ ಕೆಬಿ5034122 ಸರಿಯಾಗಿ ಸ್ಥಾಪನೆಯಾಗಿರುವುದನ್ನು ಬೆರಳಿಟ್ಟು ತೋರಿಸಿದರು. ಅಂದರೆ ವಿಂಡೋಸ್ ಕೆಟ್ಟಿರಲಿಲ್ಲ. ವಿಫಲವಾಗುತ್ತಿದ್ದದ್ದು ರಿಕವರಿ ವ್ಯವಸ್ಥೆಗೆ ಮಾತ್ರ ಸಂಬಂಧಿಸಿದ, ಪ್ರತ್ಯೇಕವಾಗಿ ಬಂದ ಒಂದು ಅಪ್‌ಡೇಟ್. ಕಂಪ್ಯೂಟರ್ ಏಳದೆ ಹೋದಾಗ ರಿಪೇರಿಗೆಂದು ತೆರೆದುಕೊಳ್ಳುವ ಆ ನೀಲಿ ಪರದೆ ಇದೆಯಲ್ಲ, ಅದು ಡಿಸ್ಕಿನ ಒಂದು ಸಣ್ಣ ಗುಪ್ತ ಭಾಗದಲ್ಲಿ ವಾಸವಾಗಿರುತ್ತದೆ. ಈ ಅಪ್‌ಡೇಟಿಗೆ ಆ ಭಾಗದಲ್ಲಿ 250 ಎಂಬಿ ಖಾಲಿ ಜಾಗ ಬೇಕು. ನನ್ನದರಲ್ಲಿ ಇರಲಿಲ್ಲ.

ನನ್ನ ಸಿ ಡ್ರೈವಿನಲ್ಲಿ ಬೇಕಾದಷ್ಟು ಜಾಗ ಖಾಲಿ ಬಿದ್ದಿತ್ತು. ಹಾಗಿದ್ದೂ ಜಾಗ ಸಾಲದು ಎಂದರೆ ಯಾರಿಗೆ ಹೊಳೆಯಬೇಕು? ಆ ಗುಪ್ತ ಭಾಗ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಕಾಣಿಸುವುದೇ ಇಲ್ಲ. ತೋರಿಸಬೇಕಿದ್ದ ಸಂದೇಶ ಡಿಸ್ಕಿನಲ್ಲಿ ಜಾಗ ಸಾಲದು ಎಂಬುದು. ದೋಷಸಂಖ್ಯೆಯ ನಿರ್ವಹಣೆಯಲ್ಲಿನ ತಪ್ಪಿನಿಂದ ಅದರ ಬದಲು 0ಎಕ್ಸ್80070643 ಕಾಣಿಸಬಹುದು ಎಂದು ಮೈಕ್ರೋಸಾಫ್ಟ್ ತಾನೇ ಪ್ರಕಟಿಸಿತ್ತು. ಅದನ್ನು ಓದಿಕೊಂಡಿದ್ದ ಅಂಗಡಿಗೂ ಓದದ ಅಂಗಡಿಗೂ ನಡುವಿನ ಅಂತರ ನನ್ನ ಲೆಕ್ಕದಲ್ಲಿ ಆರೂವರೆ ಸಾವಿರ ರೂಪಾಯಿ.

ಇದಾದ ಮೇಲೆ ಅವರು ಹೇಳಿದ ಮಾತಿಗಾಗಿಯೇ ನಾನು ಇಷ್ಟು ಉದ್ದ ಬರೆಯುತ್ತಿರುವುದು. "ಇದನ್ನು ಹೀಗೆಯೇ ಬಿಟ್ಟರೂ ನಿಮಗೆ ನಷ್ಟವೇನೂ ಇಲ್ಲ ಅಕ್ಕ" ಎಂದರು. ಅಪ್‌ಡೇಟ್ ಮುಚ್ಚಲು ಹೊರಟಿದ್ದ ಭದ್ರತಾ ಲೋಪದ ದಾಖಲೆ ಸಂಖ್ಯೆ ಸಿವಿಇ-2024-20666. ಲ್ಯಾಪ್‌ಟಾಪ್ ಕೈಗೆ ಸಿಕ್ಕವನು ರಿಕವರಿ ವ್ಯವಸ್ಥೆಯ ಮೂಲಕ, ಡಿಸ್ಕಿನಲ್ಲಿರುವುದನ್ನು ಕೀಲಿ ಇಲ್ಲದೆ ಓದಲಾಗದಂತೆ ಮಾಡುವ ಬಿಟ್‌ಲಾಕರ್ ಗೂಢಲಿಪೀಕರಣವನ್ನು ದಾಟಿ ಹೋಗಬಹುದಾದ ಲೋಪ ಅದು. ನನ್ನ ಲ್ಯಾಪ್‌ಟಾಪಿನಲ್ಲಿ ಗೂಢಲಿಪೀಕರಣ ಚಾಲೂ ಇರಲೇ ಇಲ್ಲ. "ನಿಮ್ಮದನ್ನು ಕದ್ದವನಿಗೆ ಆ ಲೋಪದ ಹಂಗೇ ಬೇಡ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಎಲ್ಲವನ್ನೂ ಓದಿಕೊಳ್ಳುತ್ತಾನೆ. ನೀವು ಹೆದರಬೇಕಾದದ್ದು ಅದಕ್ಕೆ."

ಕೆಲಸ ಬೇಡವೆನ್ನುವ ರಿಪೇರಿಯವರನ್ನು ನಾನು ಮುಂಬಯಿಯಲ್ಲಿ ಹೆಚ್ಚು ಕಂಡಿಲ್ಲ. ಫಾರ್ಮ್ಯಾಟಿನ ಸಲಹೆ ಬಂದಿತ್ತು ಎಂದಾಗ ಅವರು ನಕ್ಕರು. "ನೆಗಡಿ ಬಂತೆಂದು ಮೂಗು ಕೊಯ್ಯುವುದೇ?"

ಆದರೂ ಸರಿಪಡಿಸಿಯೇ ಕೊಡಿ ಎಂದೆ. ಮುಂದೆ ಗೂಢಲಿಪೀಕರಣ ಮಾಡಿಸಬೇಕೆಂದು ಆಗಲೇ ಮನಸ್ಸು ಮಾಡಿದ್ದೆ, ಆಗ ಈ ಅಪ್‌ಡೇಟ್ ಬೇಕೇ ಬೇಕು. ಅವರು ಮೊದಲು ಕೇಳಿದ್ದು ಬ್ಯಾಕಪ್. ಡಿಸ್ಕಿನ ವಿಭಾಗಗಳನ್ನು ಮುಟ್ಟುವಾಗ ಕರೆಂಟ್ ಹೋದರೂ ಸಾಕು, ಅನಾಹುತವಾಗುತ್ತದೆ. ನನ್ನ ಹೊರಗಿನ ಹಾರ್ಡ್ ಡಿಸ್ಕಿಗೆ ಟ್ಯಾಲಿ ಫೋಲ್ಡರ್, ನುಡಿ ಕಡತಗಳು, ಮೇಲ್ ಎಲ್ಲ ನಕಲಾಗಿ, ಒಂದೆರಡು ಕಡತ ನನ್ನಿಂದಲೇ ತೆರೆಸಿ ನೋಡಿದ ಮೇಲೆ ಕೈ ಹಾಕಿದರು.

ಪಕ್ಕದ ಸ್ಟೂಲಿನಲ್ಲಿ ಕುಳಿತು ನೋಡಲು ಬಿಟ್ಟದ್ದು ನನಗೆ ಇಷ್ಟವಾಯಿತು. ಕಪ್ಪು ಪರದೆಯಲ್ಲಿ ರಿಏಜೆಂಟ್‌ಸಿ ಎಂಬ ಆದೇಶ ಕೊಟ್ಟು, ರಿಕವರಿ ಯಾವ ವಿಭಾಗದಲ್ಲಿದೆ ಎಂದು ಬರೆದುಕೊಂಡರು. ನನ್ನ ಡಿಸ್ಕಿನಲ್ಲಿ ರಿಕವರಿ ಎಂಬ ಹೆಸರಿನವು ಎರಡಿದ್ದವು. ಒಂದು ವಿಂಡೋಸಿನದು, ಐನೂರು ಚಿಲ್ಲರೆ ಎಂಬಿ. ಇನ್ನೊಂದು ಲ್ಯಾಪ್‌ಟಾಪ್ ತಯಾರಕರು ಕಾರ್ಖಾನೆಯ ಸ್ಥಿತಿಗೆ ಮರಳಿಸಲೆಂದು ಇಟ್ಟದ್ದು, ಹತ್ತು ಜಿಬಿಗೂ ದೊಡ್ಡದು. ಅವಸರದವರು ಅಳಿಸಬಾರದ್ದನ್ನು ಅಳಿಸುವುದು ಇಲ್ಲಿಯೇ ಅಂತೆ. ಮೊದಲು ರಿಕವರಿಯನ್ನು ನಿಷ್ಕ್ರಿಯಗೊಳಿಸಿದರು. ಹಾಗೆ ಮಾಡಿದಾಗ ಅದರ ಮೂಲ ಕಡತ ವಿಂಡೋಸ್ ಫೋಲ್ಡರಿನೊಳಗೆ ಬಂದು ಕೂರುತ್ತದೆ. ಬಂದಿದೆಯೇ ಎಂದು ಕಣ್ಣಾರೆ ನೋಡಿದ ನಂತರವೇ ಡಿಸ್ಕಿನ ವಿಭಾಗಗಳನ್ನು ಬದಲಿಸುವ ಡಿಸ್ಕ್‌ಪಾರ್ಟ್ ತೆರೆದದ್ದು. ಸಿ ಡ್ರೈವನ್ನು 250 ಎಂಬಿ ಕುಗ್ಗಿಸಿ, ಅದಕ್ಕೆ ತಾಗಿಕೊಂಡಿದ್ದ ಸಣ್ಣ ವಿಭಾಗವನ್ನು ಅಳಿಸಿ, ಎರಡೂ ಸೇರಿದ ಜಾಗದಲ್ಲಿ ಹೊಸ ವಿಭಾಗ ಮಾಡಿ, ರಿಕವರಿಯನ್ನು ಮತ್ತೆ ಸಕ್ರಿಯಗೊಳಿಸಿದರು. ಮೈಕ್ರೋಸಾಫ್ಟ್ ಪ್ರಕಟಿಸಿದ ಸೂಚನೆಯೂ ಇದೇ ಎಂದು ಹೇಳಿ ಮುದ್ರಿಸಿಟ್ಟ ಹಾಳೆ ತೋರಿಸಿದರು. ಒಂದೊಂದು ಹಂತ ಮುಗಿದಂತೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ವರ್ಷಗಳ ಅನುಭವವಿದ್ದೂ ಹಾಳೆ ನೋಡಿಕೊಂಡೇ ಮಾಡುವವರ ಮೇಲೆ ನನಗೆ ನಂಬಿಕೆ ಹೆಚ್ಚು. ಲೆಕ್ಕ ಬರೆಯುವವಳ ಬುದ್ಧಿ ಅದು, ಏನು ಮಾಡಲಿ.

ಅಪ್‌ಡೇಟ್ ಮತ್ತೆ ಓಡಿಸಿದರು. ಸ್ಥಾಪನೆಯಾಯಿತು. ಈ ತೊಂದರೆಗೆ ತಾನಾಗಿಯೇ ಆಗುವ ಪರಿಹಾರ ಬರುವುದಿಲ್ಲ, ಜಾಗವನ್ನು ಬಳಕೆದಾರರೇ ಹೊಂದಿಸಿಕೊಳ್ಳಬೇಕು ಎಂದು ಮೈಕ್ರೋಸಾಫ್ಟ್ ಆಮೇಲೆ ಹೇಳಿತು. ಅಂದರೆ ಕಾಯುತ್ತ ಕುಳಿತಿದ್ದರೂ ಪ್ರಯೋಜನವಿರಲಿಲ್ಲ. ಸಾಮಾನ್ಯ ಬಳಕೆದಾರರು ಡಿಸ್ಕ್‌ಪಾರ್ಟಿನಲ್ಲಿ ವಿಭಾಗ ಅಳಿಸಬೇಕೆನ್ನುವುದು ಯಾವ ನ್ಯಾಯ ಎಂಬುದು ಬೇರೆ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ನ್ಯಾಯವಲ್ಲ. ಲ್ಯಾಮಿಂಗ್ಟನ್ ರಸ್ತೆಗೆ ಹತ್ತಿರವಿಲ್ಲದವರು ಏನು ಮಾಡಬೇಕು?

ತೆಗೆದುಕೊಂಡದ್ದು ಏಳುನೂರು ರೂಪಾಯಿ. ಅದರಲ್ಲಿ ಮುನ್ನೂರು ತಪಾಸಣೆಗೆ, ಅದನ್ನು ಮೊದಲೇ ಹೇಳಿರುತ್ತಾರೆ. ರಿಪೇರಿ ಬೇಡವೆಂದರೂ ಕೊಡಬೇಕು. ಕೆಲವರಿಗೆ ಇದು ಸರಿ ಕಾಣುವುದಿಲ್ಲ. ನನಗೆ ಸರಿಯಾಗಿಯೇ ಕಂಡಿತು. ತಪಾಸಣೆ ಪುಕ್ಕಟೆ ಎನ್ನುವ ಅಂಗಡಿ ತನ್ನ ದುಡ್ಡನ್ನು ಎಲ್ಲಿಂದಲಾದರೂ ಹುಟ್ಟಿಸಲೇಬೇಕು, ಅದು ಎಸ್‌ಎಸ್‌ಡಿಯ ರೂಪದಲ್ಲಿ ನಮ್ಮ ತಲೆಗೇ ಬರುತ್ತದೆ.

ಇನ್ನು ದೂರುಗಳು. ಜಾಗ ಇಕ್ಕಟ್ಟು, ಫ್ಯಾನ್ ಒಂದೇ, ಏಪ್ರಿಲ್ ಮೇ ತಿಂಗಳಲ್ಲಿ ಆ ಸ್ಟೂಲಿನ ಮೇಲೆ ಕೂರುವುದು ಶಿಕ್ಷೆ. ಮಂಡಿ ನೋವಿರುವವರು ಆ ಮೆಟ್ಟಿಲು ಹತ್ತಲಾರರು, ಮಳೆಗಾಲದಲ್ಲಿ ಜಾರುತ್ತದೆ ಕೂಡ. ಫೋನ್ ಎತ್ತುವುದು ಅವರ ಮನಸ್ಸು ಬಂದಾಗ. ಹೊಸಬ ಹುಡುಗನೊಬ್ಬನಿದ್ದಾನೆ, ಮರಾಠಿಯಲ್ಲಿ ಕೇಳಿದರೂ ಹಿಂದಿಯಲ್ಲಿ ಕೇಳಿದರೂ "ಸೇಠ್ ಬಂದ ಮೇಲೆ" ಎಂಬ ಒಂದೇ ಉತ್ತರ. ಎಲ್ಲಕ್ಕಿಂತ ದೊಡ್ಡ ದೂರು ಬಿಲ್ಲಿನದು. ಕೇಳಿದ ಮೇಲೆ ಒಂದು ಚೀಟಿಯಲ್ಲಿ ಗೀಚಿ ಕೊಟ್ಟರು. ಬೇರೆಯವರ ಬಿಲ್ಲುಗಳನ್ನು ನೋಡಿ ಹೊಟ್ಟೆ ಹೊರೆಯುವ ನನಗೆ ಆ ಚೀಟಿಯನ್ನು ಯಾವ ಖಾತೆಗೆ ಬರೆಯಬೇಕೆಂದು ತಿಳಿಯಲಿಲ್ಲ. ಅದನ್ನು ಅವರಿಗೆ ಹೇಳಿದೆ. "ನೀವೇ ಬಂದು ನಮ್ಮ ಲೆಕ್ಕ ಬರೆದುಕೊಡಿ" ಎಂದು ನಕ್ಕರು. ಬರೆಯುವುದಿಲ್ಲ, ಇರುವವರೇ ಸಾಕು.

ಆಮೇಲೆ ಮತ್ತೆ ಹೋದದ್ದು ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂಬ ಗದ್ದಲ ಎದ್ದಾಗ. ನನ್ನದು ಇಂಟೆಲ್‌ನ ಏಳನೇ ಪೀಳಿಗೆಯ ಪ್ರೊಸೆಸರ್; ವಿಂಡೋಸ್ 11 ಸಾಮಾನ್ಯವಾಗಿ ಎಂಟನೇ ಪೀಳಿಗೆಯಿಂದ ಮೇಲಿನದನ್ನು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು ಕೇಳುತ್ತದೆ. ಈ ಅರ್ಹತೆಯ ತಪಾಸಣೆಯನ್ನು ತಪ್ಪಿಸಿ ಹೊಸದನ್ನು ಹಾಕಿಕೊಡುತ್ತೇವೆ ಎನ್ನುವವರು ಆ ರಸ್ತೆಯಲ್ಲಿಯೇ ಇದ್ದಾರೆ. ಇವರು ಒಪ್ಪಲಿಲ್ಲ. "ಹಾಕಬಹುದು. ಅರ್ಹತೆ ಇಲ್ಲದ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುತ್ತದೆಂಬ ಖಾತರಿ ಮಾತ್ರ ಇಲ್ಲ. ಮತ್ತೆ ನನ್ನ ಮೆಟ್ಟಿಲನ್ನೇ ಹತ್ತುತ್ತೀರಿ." ಬದಲಿಗೆ ವಿಸ್ತರಿತ ಭದ್ರತಾ ಅಪ್‌ಡೇಟಿಗೆ ನೋಂದಾಯಿಸಿಕೊಟ್ಟರು. ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋಗಿ ಸೆಟ್ಟಿಂಗುಗಳ ಬ್ಯಾಕಪ್ ಚಾಲೂ ಮಾಡಿದರೆ ಮನೆಬಳಕೆಯವರಿಗೆ ಅದು ಉಚಿತ. 2026ರ ಅಕ್ಟೋಬರ್ 13ರ ತನಕ ಭದ್ರತಾ ಅಪ್‌ಡೇಟುಗಳು ಬರುತ್ತವೆ. ಹತ್ತು ನಿಮಿಷದ ಕೆಲಸಕ್ಕೆ ಹಣ ಬೇಡವೆಂದರು. ಅಷ್ಟರೊಳಗೆ ಹೊಸ ಲ್ಯಾಪ್‌ಟಾಪಿಗೆ ದುಡ್ಡು ಕೂಡಿಡಿ ಎಂಬ ಸಲಹೆ ಜೊತೆಗೆ ಬಂತು, ಯಾವುದನ್ನು ಕೊಳ್ಳಬೇಕೆಂದು ಮಾತ್ರ ಹೇಳಲಿಲ್ಲ. ಅವರು ಲ್ಯಾಪ್‌ಟಾಪ್ ಮಾರುವುದಿಲ್ಲ.

ಹೋಗುವವರು ಭಾನುವಾರ ಹೋಗಬೇಡಿ, ಬಾಗಿಲು ತೆರೆಯುವುದಿಲ್ಲ. ಶನಿವಾರ ಮಧ್ಯಾಹ್ನ ಗಿರಾಕಿಗಳು ಮೆಟ್ಟಿಲ ಮೇಲೆಯೇ ನಿಂತಿರುತ್ತಾರೆ. ಹೊರಗಿನ ಹಾರ್ಡ್ ಡಿಸ್ಕ್, ಚಾರ್ಜರ್, ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಮರೆಯಬೇಡಿ; ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಬೇಕೇ ಬೇಕು, ಅದಿಲ್ಲದೆ ಅವರು ಮುಟ್ಟುವುದೂ ಇಲ್ಲ. ಕಾರ್ಡ್ ನಡೆಯುವುದಿಲ್ಲ, ಯುಪಿಐ ನಡೆಯುತ್ತದೆ. ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಆ ಚೀಟಿಗೆ.